ಟ್ಯಾಂಕರಿನ ಮೇಲಿನ ಚಪ್ಪಲಿ

ಗಾಲಿ ಬಿಚ್ಚುವ ಟಾಮಿ ಸಲಾಕೆ ನನ್ನ ಕಿವಿಯ ಪಕ್ಕದಲ್ಲೇ ಹಾದು ಟ್ಯಾಂಕರಿನ ಹೊಟ್ಟೆಗೆ ಅಪ್ಪಳಿಸಿತು. ಢಣ್ಣೆಂದ ಸದ್ದು ನನ್ನ ದವಡೆಯವರೆಗೂ ಬಂತು. ಒಂದು ಗೇಣು ಈಚೆ ಬಿದ್ದಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರಾದರೂ ಹೇಳಬೇಕಾಗುತ್ತಿತ್ತು.

"ಹೊರಗ ಬೀಳಲೇ! ಇದೇನ್ ನಿಮ್ಮಪ್ಪನ ಯಾರ್ಡ್ ಅಂತ ತಿಳದೀಯೇನು?" ಎಂದು ಟ್ಯಾಂಕರ್ ಯಾರ್ಡಿನ ಮೇಸ್ತ್ರಿಯಾದ ಮುಕಾದಮ ಆ ಕಬ್ಬಿಣದ ಸಲಾಕೆಯನ್ನು ಮತ್ತೆ ಮೇಲೆತ್ತಿದ.

ನನಗೆ ಸಿಟ್ಟು ಬೇಗ ಬರುತ್ತದೆ. ಬಸವಕಲ್ಯಾಣದಲ್ಲಿ ಟೈರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು 'ಸತೀಶಕುಮಾರ, ಖಾಸಗಿ ಪತ್ತೇದಾರ' ಎಂದು ಬೋರ್ಡು ಹಾಕಿಕೊಂಡವನಿಗೆ ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ಪೂನಂ ದಿನಾ ಹೇಳುತ್ತಾಳೆ. ಪುಣ್ಯಕ್ಕೆ ಪೂನಂ ಇಲ್ಲಿರಲಿಲ್ಲ. ಬಗ್ಗಿ ಅವನ ಹೊಟ್ಟೆಗೆ ತಲೆ ಗುದ್ದಿದೆ. ಇಬ್ಬರೂ ಯಾರ್ಡಿನ ಕಪ್ಪು ರಾಡಿಯಲ್ಲಿ ಬಿದ್ದೆವು. ಅವನ ಹೆಬ್ಬೆರಳು ನನ್ನ ಕಣ್ಣನ್ನು ಹುಡುಕಿತು. ನಾನು ಅದನ್ನು ಕಚ್ಚಿ ಹಿಡಿದೆ. ಥೂ, ಏನು ರುಚಿ! ಡೀಸೆಲ್ಲು, ತೊಳೆಯುವ ಸೋಡಾ, ರಕ್ತ ಎಲ್ಲ ಒಟ್ಟಿಗೆ.

"ಸತೀಶ ಭಾಯಿ, ಬಾಜೂ ಸರೀರಿ!"

ನನ್ನ ಜೊತೆ ಬಂದಿದ್ದ ಜುಬೇರನ ದನಿ. ನಾನು ಉರುಳಿಕೊಂಡೆ. ಟ್ಯಾಂಕರ್ ತೊಳೆಯುವ ಬಿಸಿನೀರಿನ ಪೈಪನ್ನು ಜುಬೇರ ಮುಕಾದಮನ ತೊಡೆಗೆ ತಿರುಗಿಸಿದ. ಹಬೆ ಎದ್ದಿತು. ಆ ಮನುಷ್ಯ ಅರಚಿದ ರೀತಿಗೆ ಹೆದ್ದಾರಿಯಾಚೆಯ ಢಾಬಾದಲ್ಲಿ ಊಟಕ್ಕೆ ಕುಳಿತವರು ಎದ್ದು ನಿಂತು ನೋಡಿದರು, ಮತ್ತೆ ಕುಳಿತರು. ಹುಮನಾಬಾದಿನ ಈ ಯಾರ್ಡಿನಿಂದ ಕೂಗು ಕೇಳುವುದು ಅವರಿಗೆ ಹೊಸದಲ್ಲ.

ಹೋದವಾರದ್ದು ಒಂದೇ ಮಾತಿನಲ್ಲಿ: ಮೋರಖಂಡಿಯ ಅಜೀತ ಇದೇ ಯಾರ್ಡಿನಲ್ಲಿ ಟ್ಯಾಂಕರಿನೊಳಗೆ ಉಸಿರುಗಟ್ಟಿ ಸತ್ತ, ಅವನನ್ನು ಮಣ್ಣು ಮಾಡಿದ ದಿನವೇ ಅವನ ಅಣ್ಣ ಅಂಬಾದಾಸ ಕಾಣೆಯಾದ, ಅವರ ತಾಯಿ ಅಂಬುಬಾಯಿ ನನ್ನ ಮೆಟ್ಟಿಲ ಮೇಲೆ ಕುಳಿತು "ಒಬ್ಬ ಹೋದ್ರಿ, ಉಳಿದಾಂವನ್ನರ ಜೀವಂತ ತಂದುಕೊಡ್ರಿ" ಎಂದಳು.

ಟಾಮಿ ಈಗ ನನ್ನ ಕೈಯಲ್ಲಿತ್ತು. ಅದರ ತುದಿಯನ್ನು ಮುಕಾದಮನ ಗಂಟಲ ಮೇಲೆ ಇಟ್ಟೆ.

"ಅಂಬಾದಾಸ ಎಲ್ಲಿ ಅದಾನ?"

"ನಂಗೇನ್ ಗೊತ್ರಿ..."

ಸ್ವಲ್ಪ ಒತ್ತಿದೆ.

"ಅಲ್ಲಾ, ನಾವೇನ್ ಅವಂಗ ಹೊಡದಿಲ್ರಿ! ಘಾಟಬೋರಾಳದಾಗ ಆರಾಮ..." ಎಂದವನು ನಾಲಿಗೆ ಕಚ್ಚಿಕೊಂಡ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಹೊಡೆದಿರಾ ಎಂದು ನಾನು ಕೇಳಿರಲಿಲ್ಲ, ಘಾಟಬೋರಾಳದ ಹೆಸರನ್ನೂ ಎತ್ತಿರಲಿಲ್ಲ.

"ಘಾಟಬೋರಾಳದಾಗ ಎಲ್ಲಿ?"

"ಮಾಲಕ್‌ರ ಹೊಲದಾಗ್ರಿ. ಎಣ್ಣಿ ಡಬ್ಬಿ ಇಡೋ ಗೋದಾಮದಾಗ. ಮಾಲಕ್‌ರೂ ಅಲ್ಲೇ ಅದಾರ. ನನ್ನ ಹೆಸರು ಹೇಳಬ್ಯಾಡ್ರಿ, ಕಾಲಿಗೆ ಬೀಳ್ತೀನಿ."

ಮಾಲಕ ಎಂದರೆ ಮಡೆಪ್ಪ. ಯಾರ್ಡಿನ ಧಣಿ. ಬಿಳಿ ಅಂಗಿ, ಮೆತ್ತನೆಯ ಮಾತು, ಯಾರ ಮದುವೆಗೆ ಕರೆದರೂ ಮೊದಲ ಸಾಲಿನಲ್ಲಿ ಕೂರುವ ಮನುಷ್ಯ.

ಮುಕಾದಮನನ್ನು ಅವನ ಟವೆಲಿನಿಂದಲೇ ಟ್ಯಾಂಕರಿನ ಏಣಿಗೆ ಕಟ್ಟಿದೆ. ಹತ್ತಿರದ ಗೋಡೆಗೆ ಎರಡು ತಗಡಿನ ಬೋರ್ಡುಗಳನ್ನು ಒರಗಿಸಿದ್ದರು. ಒಂದರ ಮೇಲೆ ತಲೆಬುರುಡೆ, ಎಲುಬು. ಇನ್ನೊಂದರ ಮೇಲೆ 'ಖಾದ್ಯ ತೈಲ'. ಎರಡಕ್ಕೂ ಒಂದೇ ಅಳತೆಯ ಕೊಂಡಿಗಳು.

"ನೋಡಿದ್ರ್ಯಾ? ಒಂದೇ ಟ್ಯಾಂಕರ್ರಿ. ಹೋಗೂಮುಂದ ಕೆಮಿಕಲ್, ಬರೂಮುಂದ ತಿನ್ನೂ ಎಣ್ಣಿ" ಎಂದ ಜುಬೇರ. ಇವನೂ ಇಲ್ಲಿಯ ಟ್ಯಾಂಕರ್ ಓಡಿಸಿದವನೇ. ಅಜೀತನ ಹೆಣ ಹೊರಗೆಳೆದವನೂ ಇವನೇ, ಮರುದಿನವೇ ಚಾವಿ ಎಸೆದು ನನ್ನ ಕಡೆ ಬಂದ.

"ನಡುವ ತೊಳೀತಾರಲ್ಲ?"

ಜುಬೇರ ನಕ್ಕ. ಒಳ್ಳೆಯ ನಗುವಲ್ಲ. "ಬಾಯಿ ತೊಳೀತಾರ್ರಿ. ಎಣ್ಣಿ ತುಂಬೋ ಕಡೆ ಚೆಕ್ ಮಾಡಾಂವ ಏನ್ ಮಾಡ್ತಾನ? ಢಕ್ಕನ್ ತಗದು ಮೂಗು ಇಡ್ತಾನ, ಕೈ ಹಾಕಿ ಸುತ್ತ ಒಮ್ಮಿ ಸವರ್ತಾನ. ಅವನ ಕೈ ಎಷ್ಟ್ ಹೋಗ್ತದ ಅಷ್ಟು ಲಕಲಕ ಮಾಡಿ ಇಡ್ತೀವಿ. ಕೆಳಗ ಕೆಮಿಕಲ್ ಹಂಗೇ ಇರ್ತದ. ಮ್ಯಾಲ ಒಂದ್ ಡಬ್ಬಿ ಹಳೀ ಎಣ್ಣಿ ಹೊಯ್ದು ಅಲಗಾಡಿಸಿದ್ರ ವಾಸ್ನಿ ಖಲ್ಲಾಸ್."

"ಹೊಟ್ಟಿ ಯಾರೂ ನೋಡಂಗಿಲ್ಲ?"

"ತಳದಾಗ ಗಸಿ ಭಾಳ ಗಟ್ಟಿ ಕುಂತಾಗ ಕೆರಿಯಾಕ ಮನಿಷ್ಯಾರ್ನ ಒಳಗ ಇಳಸ್ತಾರ. ಮುಖಕ್ಕ ಒಂದು ಒದ್ದಿ ಬಟ್ಟಿ, ಅಷ್ಟೇ."

ಆ ಎಣ್ಣೆ ಸಣ್ಣ ಡಬ್ಬಿಗಳಲ್ಲಿ ಮೋರಖಂಡಿಯ ಅಂಗಡಿಗೂ ಬಂತು. ಅಜೀತನ ಹೆಂಡತಿ ವಿಶಾಖಾ ಮಗಳಿಗೆ ಪೂರಿ ಕರಿಯುವಾಗ ಬಾಣಲೆಯಿಂದ ಎದ್ದ ವಾಸನೆ ಅಜೀತನಿಗೆ ಗುರುತು ಸಿಕ್ಕಿತು. ತಾನೇ ಇಳಿದು ಕೆರೆದ ವಾಸನೆ ಅದು. ಬಾಣಲೆಯನ್ನು ಅಂಗಳಕ್ಕೆ ಒದ್ದು, ನೇರ ಮಡೆಪ್ಪನ ಎದುರು ಹೋಗಿ "ಇನ್ನ ಮ್ಯಾಲ ಹಿಂಗ ಮಾಡಿದ್ರ ಊರಿಗೆಲ್ಲಾ ಹೇಳ್ತೀನಿ" ಎಂದ. ಹೇಳಲು ಅವನು ಉಳಿಯಲಿಲ್ಲ.

ಕುಡಿದು ತಾನಾಗಿ ಇಳಿದ, ಗಾಳಿಗೆ ಮುಚ್ಚಳ ಬಿತ್ತು ಎಂದು ಯಾರ್ಡಿನವರು ಹೇಳಿದರು. ಜೊತೆಗಾರ ಅಂಬಾದಾಸ ಚಹಾ ಕುಡಿಯಲು ಹೋಗಿದ್ದನಂತೆ. ಕಾಣೆಯಾಗುವ ಮೊದಲು ಅಂಬಾದಾಸನೂ ಹಾಗೆಯೇ ಹೇಳಿದ್ದ.

ಅಜೀತ ಸತ್ತ ಟ್ಯಾಂಕರ್ ಮೂಲೆಯಲ್ಲಿ ನಿಂತಿತ್ತು. ಹೊರಡುವ ಮೊದಲು ಅದನ್ನೊಮ್ಮೆ ಹತ್ತಿ ನೋಡಬೇಕೆನ್ನಿಸಿತು.

"ಜುಬೇರ, ಆ ಫೋಟೋ ತಗಿ."

ಹೆಣ ತೆಗೆಯಲು ಮೇಲೆ ಹತ್ತಿದಾಗ, ಮುಚ್ಚಳ ತೆರೆಯುವ ಮೊದಲು, ಜುಬೇರ ಮೊಬೈಲಿನಲ್ಲಿ ಹೊಡೆದ ಚಿತ್ರ. ಮುಚ್ಚಿದ ಢಕ್ಕನ್ನಿನ ಹಿಂದೆ, ಅದರ ಕೀಲಿನ ಬದಿಗೆ, ಅಜೀತನ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿಗಳು ಜೋಡಿಯಾಗಿ ಕೂತಿವೆ.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಇಳಿಯುವವನು ಏಣಿಯ ಬುಡದಲ್ಲಿ ಚಪ್ಪಲಿ ಬಿಡುತ್ತಾನೆ. ಮೇಲೆ ನಿಲ್ಲುವ ಜೊತೆಗಾರ ಅವನ್ನು ಎತ್ತಿಕೊಂಡು ಹೋಗಿ ಟ್ಯಾಂಕಿನ ನೆತ್ತಿಯಲ್ಲಿ ಇಡುತ್ತಾನೆ. ಚಪ್ಪಲಿ ಕಂಡರೆ ಒಳಗೆ ಜೀವ ಇದೆ ಎಂದು ಅರ್ಥ, ಯಾವ ಡ್ರೈವರನೂ ಮುಚ್ಚಳ ಮುಟ್ಟುವುದಿಲ್ಲ. "ಚಪ್ಪಲಿ ಮ್ಯಾಲ ಇದ್ರ ಮನಿಷಾ ಮ್ಯಾಲ ಬರ್ತಾನ" ಎಂಬುದು ಇಲ್ಲಿಯವರ ಮಾತು. ಅದಕ್ಕೇ ನಾನು ಇಷ್ಟು ದಿನ ಅಂದುಕೊಂಡಿದ್ದು ಹೀಗೆ: ಅಂಬಾದಾಸ ಪದ್ಧತಿಯಂತೆ ಚಪ್ಪಲಿ ಇಟ್ಟು ಚಹಾಕ್ಕೆ ಹೋದ, ಚಪ್ಪಲಿ ಕಂಡೂ ಮಡೆಪ್ಪ ಮುಚ್ಚಿದ.

ಮೇಲೆ ಹತ್ತಿ ಢಕ್ಕನ್ನಿನ ಅಂಚು ಹಿಡಿದು ಎತ್ತಿದೆ. ಮಣಭಾರ. ಕೈಜಾರಿ ಅದು ಹಿಂದಕ್ಕೆ ಹೊರಳಿ ಧಡ್ ಎಂದು ಟ್ಯಾಂಕಿನ ನೆತ್ತಿಗೆ ಬಿತ್ತು.

ಬಿದ್ದದ್ದು ಚಿತ್ರದಲ್ಲಿ ಚಪ್ಪಲಿ ಇದ್ದ ಜಾಗಕ್ಕೇ.

ಮತ್ತೊಮ್ಮೆ ಮುಚ್ಚಿ ತೆರೆದು ನೋಡಿದೆ. ಅದೇ ಜಾಗ. ಮುಚ್ಚಳ ತೆರೆದಿದ್ದಾಗ ಅಲ್ಲಿ ಚಪ್ಪಲಿ ಇಡಲು ಸಾಧ್ಯವೇ ಇಲ್ಲ. ಅಂದರೆ ಮುಚ್ಚಿದ ಮೇಲೆ ಇಟ್ಟದ್ದು. ಅಪಘಾತ ಎಂದು ಬಿಂಬಿಸಬೇಕಾದ ಮಡೆಪ್ಪ ಹಾಗೇಕೆ ಮಾಡುತ್ತಾನೆ? ಅವನಿಗೆ ಆ ಚಪ್ಪಲಿ ಬಾವಿಗೆ ಎಸೆದರೇ ಲಾಭ. ಮುಚ್ಚಿದ ಮೇಲೂ ಚಪ್ಪಲಿಯನ್ನು ಮೇಲೆಯೇ ಇಡುವ ಕೈ ಒಂದೇ. ಇಪ್ಪತ್ತು ಸಲ, ಇನ್ನೂರು ಸಲ ಇಟ್ಟು ರೂಢಿಯಾದ ಜೊತೆಗಾರನ ಕೈ.

ಕೆಳಗೆ ನೋಡಿದೆ. ಜುಬೇರ ಬಾಯಿ ತೆರೆದುಕೊಂಡು ನಿಂತಿದ್ದ. ಅವನಿಗೂ ಈಗ ಹೊಳೆದಿತ್ತು.

"ಅಂಬುಬಾಯಿಗೆ ಏನಂತ ಹೇಳೂದ್ರಿ?" ಎಂದ.

"ಬಾಯಿ ಮುಚ್ಚಿಕೊಂಡು ಗಾಡಿ ಹಚ್ಚು."

ಅಂಬುಬಾಯಿ ಗೇಟಿನ ಹೊರಗೆ ನನ್ನ ಹಳೆಯ ಜೀಪಿನಲ್ಲಿ ಕುಳಿತಿದ್ದಳು. ನನ್ನ ಹರಿದ ಅಂಗಿಯನ್ನಾಗಲಿ ಮೂಗಿನ ರಕ್ತವನ್ನಾಗಲಿ ಅವಳು ನೋಡಲಿಲ್ಲ.

"ಸಿಕ್ಕಾನೇನ್ರಿ?"

"ಘಾಟಬೋರಾಳದಾಗ ಅದಾನಂತ. ನೀವು ಇಲ್ಲೇ ಢಾಬಾದಾಗ ಕುಂದರ್ರಿ, ಕರಕೊಂಡು ಬರ್ತೀವಿ."

"ಜೀವ ಅದ?"

"ಅದಂತ."

"ಹಂಗಾರ ನಾ ಬರ್ತೀನಿ." ಸೀಟಿನ ಕಬ್ಬಿಣ ಹಿಡಿದುಕೊಂಡಳು. ಅವಳನ್ನು ಇಳಿಸಲು ಕ್ರೇನು ಬೇಕಾಗುತ್ತಿತ್ತು.

ದಾರಿಯಲ್ಲಿ ಪೊಲೀಸರಿಗೆ ಫೋನ್ ಮಾಡಿದೆ, ಹೊರಟೆವು ಎಂದರು. ಅಂಬುಬಾಯಿ ತಾನಾಗಿ ಮಾತಾಡತೊಡಗಿದಳು. "ಸಣ್ಣಾಂವ ಹಟಮಾರಿ ಇದ್ದ್ರಿ. ದೊಡ್ಡಾಂವ ಅಂಜುಬುರುಕ. ಹಾವು ಕಂಡ್ರ ತಮ್ಮನ್ನ ಮುಂದ ಮಾಡಿ ತಾ ಹಿಂದ ನಿಂದರಾಂವ. ಆದ್ರೂ ತಮ್ಮ ಅಂದ್ರ ಜೀವ. ಈಗ ಅವನೊಬ್ಬನೇ ಹೇಳಾಂವ ಉಳದಾನ. ಅದಕ್ಕೇ ಅವನ್ನ ಎತ್ತಿಕೊಂಡು ಹೋಗ್ಯಾರ, ಅಲ್ಲೇನ್ರಿ?"

ನಾನು ತೊಗರಿ ಹೊಲಗಳನ್ನು ನೋಡುತ್ತಾ ಕುಳಿತೆ. ಜುಬೇರ ಗೇರ್ ಬದಲಿಸುವ ಅಗತ್ಯವಿಲ್ಲದಿದ್ದರೂ ಬದಲಿಸಿದ.

ಮಡೆಪ್ಪನ ಗೋದಾಮು ಊರಾಚೆ, ಕಬ್ಬಿನ ಹೊಲದ ನಡುವೆ. ತಗಡಿನ ಛಾವಣಿ, ಒಂದೇ ಕಬ್ಬಿಣದ ಬಾಗಿಲು, ಕಿಟಕಿ ಇಲ್ಲ. ಅಂಬುಬಾಯಿಯನ್ನು ಜೀಪಿನಲ್ಲೇ ಇರಲು ಹೇಳಿ ಇಬ್ಬರೂ ಒಳಗೆ ನುಗ್ಗಿದೆವು.

ಎಣ್ಣೆ ಡಬ್ಬಿಗಳ ಮೇಲೆ ಮಡೆಪ್ಪ ಕಾಲಾಡಿಸುತ್ತಾ ಕುಳಿತು ಶೇಂಗಾ ತಿನ್ನುತ್ತಿದ್ದ. ಮೂಲೆಯಲ್ಲಿ ಅಂಬಾದಾಸ ಮೊಣಕಾಲು ಅಪ್ಪಿಕೊಂಡು ಕುಕ್ಕರಿಸಿದ್ದ. ಮೈಮೇಲೆ ಹಗ್ಗವಿಲ್ಲ. ಗಾಯವಿಲ್ಲ.

"ಬರ್ರಿ ಸತೀಶಕುಮಾರ" ಎಂದ ಮಡೆಪ್ಪ. "ಚಾ ತರಿಸ್ಲ್ಯಾ?"

"ನಿನ್ನ ಚಾಕ್ಕ ಬೆಂಕಿ ಬೀಳ್ಲಿ. ಹುಡುಗನ್ನ ಬಿಡು."

"ನಾ ಹಿಡದೀನೇನು? ಕೇಳ್ರಿ ಅವಂಗೇ. ತಾನಾಗಿ ಬಂದಾನ."

ಮಾತು ಮುಗಿಯುವ ಮೊದಲೇ ಅವನ ಕೈ ಡಬ್ಬಿಗಳ ಹಿಂದಕ್ಕೆ ಹೋಗಿತ್ತು. ಕಬ್ಬು ಕಡಿಯುವ ಕೊಯ್ತಾ ಹೊರಬಂತು. ಅವನು ನನ್ನ ಕಡೆ ಬರುತ್ತಾನೆಂದು ನಾನು ಸರಿದರೆ, ಬೀಸಿದ್ದು ಜುಬೇರನಿಗೆ. ಜುಬೇರ ತೋಳು ಅಡ್ಡ ಹಿಡಿದ. ಕೊಯ್ತಾ ಮುಂಗೈಯಿಂದ ಮೊಣಕೈವರೆಗೆ ಸೀಳಿಕೊಂಡು ಹೋಯಿತು. ಬಿಳಿ ಎಲುಬು ಕಂಡಿತು, ಆಮೇಲೆ ರಕ್ತ ತುಂಬಿ ಅದೂ ಕಾಣಲಿಲ್ಲ. "ಯಾ ಅಲ್ಲಾ" ಎಂದು ಅವನು ಡಬ್ಬಿಗಳ ಮೇಲೆ ಕುಸಿದ.

ಆಮೇಲಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಮಡೆಪ್ಪ ಎರಡನೇ ಸಲ ಕೈ ಎತ್ತುವಷ್ಟರಲ್ಲಿ ಯಾರ್ಡಿನಿಂದ ತಂದಿದ್ದ ಟಾಮಿಯನ್ನು ಅವನ ಮೊಣಕಾಲಿಗೆ ಬೀಸಿದೆ. ಒಣ ಕಟ್ಟಿಗೆ ಮುರಿದ ಸದ್ದು. ಬಿದ್ದವನ ಮಣಿಕಟ್ಟಿನ ಮೇಲೆ ಬೂಟು ಇಟ್ಟು ಪೂರ್ತಿ ಭಾರ ಬಿಟ್ಟೆ. ಕೊಯ್ತಾ ಕೈಬಿಟ್ಟು ಹೋಗಿ ಅಂಬಾದಾಸನ ಕಾಲ ಹತ್ತಿರ ನಿಂತಿತು. ಅಂಬಾದಾಸ ಅದನ್ನು ಮುಟ್ಟಲಿಲ್ಲ, ಕಾಲನ್ನು ಮಾತ್ರ ಇನ್ನಷ್ಟು ಒಳಗೆ ಎಳೆದುಕೊಂಡ. ನನ್ನ ಬೆಲ್ಟಿನಿಂದ ಮಡೆಪ್ಪನ ಕೈಗಳನ್ನು ಹಿಂದಕ್ಕೆ ಬಿಗಿದೆ. ಜುಬೇರನ ತೋಳಿಗೆ ನನ್ನ ಅಂಗಿ ಸುತ್ತಿದೆ.

ಆಮೇಲೆ ಅಂಬಾದಾಸನ ಎದುರು ಕುಳಿತೆ.

"ಕಟ್ಟಿ ಹಾಕಿಲ್ಲ, ಬಾಗಿಲ ಹಾಕಿಲ್ಲ. ಮತ್ತ ಯಾಕ ಕುಂತೀ ಇಲ್ಲಿ?"

"ಎಲ್ಲಿಗೆ ಹೋಗಲ್ರಿ? ಮನಿಗಾ?" ಅವನು ನೆಲವನ್ನೇ ನೋಡುತ್ತಿದ್ದ.

"ಚಪ್ಪಲಿ ಮ್ಯಾಲ ನೀ ಇಟ್ಟಿ."

ಅವನು ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ಢಕ್ಕನ್ ಹಾಕಿದ ಮ್ಯಾಲ ಇಟ್ಟಿ. ಅಲ್ಲೇನು?"

"ಕೈಯಾಗ ಇದ್ವು ರೀ" ಎಂದ. "ಅಂವ ಇಳದ. ನಾ ಚಪ್ಪಲಿ ಹಿಡಕೊಂಡು ನಿಂತಿದ್ದೆ. ಮಾಲಕ್‌ರು ಕೆಳಗ ಬಂದು ಮುಚ್ಚು ಅಂದ್ರು. ಸ್ವಲ್ಪ ಹೊತ್ತು ಮುಚ್ಚು, ಬುದ್ಧಿ ಬರ್ತದ ಅಂದ್ರು. ಇಲ್ಲಾಂದ್ರ ನಿನ್ನೂ ಒಳಗ ಹಾಕಿ ಬಿಸಿನೀರ ಬಿಡ್ತೀನಿ ಅಂದ್ರು. ಮುಚ್ಚಿದೆ."

"ಮುಂದ?"

"ಅಂವ ಒಳಗಿಂದ ಢಕ್ಕನ್ ಎತ್ತಾಕತ್ತಿದ್ರಿ. ಎತ್ತಬಾರದು ಅಂತ..." ನಿಲ್ಲಿಸಿದ. "ಮ್ಯಾಲ ಕುಂತೆ."

ನನ್ನ ಕೈ ತಾನಾಗಿ ಅವನ ಕೆನ್ನೆಗೆ ಬಿತ್ತು. ಅವನು ತಡೆಯಲಿಲ್ಲ.

"ನಾ ಹೆದರಿಸು ಅಂದಿದ್ದೆ" ಎಂದು ಮಡೆಪ್ಪ ನೆಲದಿಂದಲೇ ನರಳುತ್ತಾ ಕೂಗಿದ. "ಬರೇ ಹೆದರಿಸು ಅಂತ! ಕುಂತಾಂವ ಅಂವ! ನಾ ಆಫೀಸಿಗೆ ಹೋದ ಮ್ಯಾಲೂ ಕುಂತಾನ! ನನ್ನ ಮ್ಯಾಲ ಹಾಕ್ತೀರಾ?"

"ಇಳದ್ರ ಹೊಡೀತಿದ್ರಿ ನೀವು!" ಅಂಬಾದಾಸ ಮೊದಲ ಸಲ ಗಟ್ಟಿಯಾಗಿ ಕೂಗಿದ. "ಹೇಳೂತನಕ ಇಳೀಬ್ಯಾಡ ಅಂದಿದ್ರಿ! ಅಂವ ಒಳಗಿಂದ 'ಅಣ್ಣಾ, ಢಕ್ಕನ್ ಬಿದ್ದದ, ತಗಿ' ಅಂದ. ಬಿದ್ದದ ಅಂತ ತಿಳಕೊಂಡಿದ್ದ ರೀ ಅಂವ. ಅಣ್ಣ ತಗೀತಾನ ಅಂತ..."

"ಎಷ್ಟ್ ಹೊತ್ತು ಕರದಾ?"

ಕೇಳಿದ್ದು ನಾನಲ್ಲ. ಬಾಗಿಲಲ್ಲಿ ಅಂಬುಬಾಯಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ ದೇವರೇ ಬಲ್ಲ.

"ಅವ್ವಾ..."

"ಕೇಳಾಕತ್ತೀನಿ. ಎಷ್ಟ್ ಹೊತ್ತು ಕರದಾ ನನ್ನ ಮಗ?"

ಅಂಬಾದಾಸ ಮುಖವನ್ನು ಮೊಣಕಾಲಲ್ಲಿ ಹುದುಗಿಸಿದ. "ಭಾಳ ಹೊತ್ತು ಅವ್ವಾ."

ಅವಳು ಅಳಲಿಲ್ಲ. ಎದೆ ಬಡಿದುಕೊಳ್ಳುತ್ತಾಳೆ, ಕೂಗುತ್ತಾಳೆ ಎಂದು ನಾನು ಕಾದೆ. ನನಗೇ ಅಳು ಬಂದಿತ್ತು, ನಾಚಿಕೆ ಏನೂ ಇಲ್ಲ ಹೇಳಿಕೊಳ್ಳಲು. ಅವಳು ಮೆಲ್ಲಗೆ ಒಳಗೆ ಬಂದು ಮಗನ ಪಕ್ಕದಲ್ಲಿ ಕುಳಿತಳು. ಸೆರಗಿನಿಂದ ಅವನ ಮುಖ ಒರೆಸಿದಳು. ಕೂದಲಿನಲ್ಲಿ ಸಿಕ್ಕಿದ್ದ ಕಬ್ಬಿನ ಒಣಗರಿ ತೆಗೆದಳು. ಅವನು ಅವಳ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದ.

ತಾಯಿ ಕರುಳು, ಎಂದುಕೊಂಡೆ. ಏನು ಮಾಡಿದರೂ ಹೆತ್ತವಳು ಹೆತ್ತವಳೇ.

"ಸಾಹೇಬ್ರ, ಈ ಹುಡುಗಂದು ರಗತ ನಿಂದರವಲ್ದು" ಎಂದು ಜುಬೇರನ ಕಡೆ ಬೊಟ್ಟು ಮಾಡಿದಳು. "ಇವಂಗೂ ಒಬ್ಬಾಕಿ ತಾಯಿ ಇದ್ದಾಳು. ಗಾಡ್ಯಾಗ ಹಾಕ್ರಿ ಅವನ್ನ. ನಾ ಇಲ್ಲೇ ಕುಂದರ್ತೀನಿ."

ನಿಜ, ಜುಬೇರನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ತಂದೆ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತೋಳನ್ನು ಎತ್ತಿ ಕಟ್ಟುತ್ತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ದೂರದ ಡಾಂಬರು ರಸ್ತೆಯಲ್ಲಿ ಪೊಲೀಸರ ಗಾಡಿ ಇನ್ನೂ ಕಾಣುತ್ತಿರಲಿಲ್ಲ.

"ಸತೀಶ ಭಾಯಿ" ಎಂದ ಜುಬೇರ ಕಣ್ಣು ಮುಚ್ಚಿಕೊಂಡೇ. "ಕೊಯ್ತಾ ತಗೊಂಡ್ರ್ಯಾ?"

ತೆಗೆದುಕೊಂಡಿರಲಿಲ್ಲ.

ಹಿಂದೆ ಕಬ್ಬಿಣದ ಬಾಗಿಲು ಕಿರುಗುಟ್ಟಿತು. ತಿರುಗಿ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಒಳಗಿನ ಚಿಲಕ ಬಿತ್ತು.

"ಅಂಬುಬಾಯಿ! ಬಾಗಿಲ ತಗೀರಿ! ಹುಚ್ಚಾಟ ಮಾಡಬ್ಯಾಡ್ರಿ!" ಎರಡೂ ಮುಷ್ಟಿಯಿಂದ ಬಡಿದೆ. ಭುಜ ಕೊಟ್ಟು ಗುದ್ದಿದೆ. ಬಾಗಿಲು ಜಗ್ಗಲಿಲ್ಲ. "ಪೊಲೀಸರು ಬರಾಕತ್ತಾರ, ಅವರು ನೋಡ್ಕೋತಾರ!"

"ನಿಮ್ಮ ಕೆಲಸ ಮುಗದದ್ರಿ ಸಾಹೇಬ್ರ." ಅವಳ ದನಿ ಬಾಗಿಲಿಗೆ ಹತ್ತಿರದಲ್ಲೇ ಇತ್ತು, ಸಮಾಧಾನವಾಗಿತ್ತು. "ಮಗನ್ನ ಹುಡುಕಿ ಕೊಡ್ತೀನಿ ಅಂದ್ರಿ, ಕೊಟ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ. ಇನ್ನ ಇದು ನಮ್ಮ ಮನಿ ಮಾತು."

ಹೆಜ್ಜೆಗಳು ಬಾಗಿಲಿನಿಂದ ದೂರ ಸರಿದವು. ಯಾರೋ ಏನೋ ಬೇಡಿಕೊಂಡರು, ಮಾತು ತಿಳಿಯಲಿಲ್ಲ. ಬಾಗಿಲ ತಗಡಿಗೆ ಕಿವಿಯಿಟ್ಟೆ. ಕಾದ ತಗಡು ಕಿವಿ ಸುಟ್ಟಿತು, ತೆಗೆಯಲಿಲ್ಲ.

ಆಮೇಲೆ ಮಾಂಸಕ್ಕೆ ಕಬ್ಬಿಣ ಬಿದ್ದ ಸದ್ದು, ಅದರ ಹಿಂದೆಯೇ ಒಂದು ಚೀತ್ಕಾರ.

ಗಂಡಸಿನ ದನಿ. ಒಳಗೆ ಇಬ್ಬರು ಗಂಡಸರಿದ್ದರು.